ಅತ್ತಿಗೆ ತಿನ್ನಿಸಿದ ತುಪ್ಪ

ಅತ್ತಿಗೆ, ಆವತ್ತು ಕಣ್ಣಾಸ್ಪತ್ರೆಯ ಕೋಣೆಯಿಂದ ಹೊರಗೆ ಬಂದು ನಾನು ಹೇಳಿದ್ದು ಸುಳ್ಳು. ನೀವು ಕದ್ದು ತಿನ್ನಿಸಿದ ತುಪ್ಪದಿಂದ ನಿಮ್ಮ ಮಗಳು ಭಾಗ್ಯಳ ಎಡಗಣ್ಣು ಹೋಯಿತೆಂದು ಯಾವ ಡಾಕ್ಟರೂ ಹೇಳಲಿಲ್ಲ. ಹಾಗೆ ಹೇಳಿದವಳು ನಾನು — ನಿಮ್ಮ ನಾದಿನಿ ವನಜ, ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಒಬ್ಬಳೇ ಒಬ್ಬಳು, ಅದಕ್ಕೇ ಎಲ್ಲರೂ ಎರಡು ಮಾತಿಲ್ಲದೆ ನಂಬಿದವಳು.

ಎದುರಿಗೆ ನೀವಿಲ್ಲ, ಗೌರಿಬಿದನೂರಿನ ನನ್ನ ಮನೆಯ ಅಡುಗೆಕೋಣೆಯಲ್ಲಿ ಒಬ್ಬಳೇ ಕೂತು ನಿಮಗೆ ಹೇಳುವುದನ್ನು ಹೇಳಿಕೊಳ್ಳುತ್ತಿದ್ದೇನೆ, ಆದರೂ ಹೆದರಿಕೆ. ಬೇರೆ ಹೆದರಿಕೆಗಳೆಲ್ಲ ವಯಸ್ಸಾದಂತೆ ಕಮ್ಮಿಯಾದವು. ಇದೊಂದು ಮಾತ್ರ ನನ್ನ ಜೊತೆಗೇ ಬೆಳೆಯಿತು.

ಎಲ್ಲಿಂದ ಹೇಳಲಿ — ನನ್ನ ಮುಖದಿಂದಲೇ ಶುರು ಮಾಡುತ್ತೇನೆ. ನಾಚಿಕೆಗೇಡು, ಆದರೆ ಶುರುವಾದದ್ದು ಅಲ್ಲಿಂದಲೇ.

ಆಗ ತೊಂಬತ್ತರ ದಶಕ ಕಣ್ಣು ಬಿಟ್ಟು ಕೆಲವು ವರ್ಷವಾಗಿತ್ತು. ನಾನು ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಚಿಂತಾಮಣಿಗೆ ಹೋಗಿ ಬಿಎಸ್ಸಿ ಓದುತ್ತಿದ್ದೆ. ನನ್ನ ಮೈಬಣ್ಣ ಅಮ್ಮನಿಗೆ ದೊಡ್ಡ ಚಿಂತೆ. 'ಇವಳ್ನ ಯಾರ್ ಒಪ್ತಾರೆ' ಎಂದು ನಾನು ಕೇಳಿಸಿಕೊಳ್ಳುವ ಹಾಗೆಯೇ ಅನ್ನುತ್ತಿದ್ದರು. ಗೌರಿಬಿದನೂರಿನಿಂದ ಒಂದು ಸಂಬಂಧ ಬಂದಿತ್ತು, ಯುಗಾದಿ ಕಳೆದ ಮೇಲೆ ನೋಡಲು ಬರುತ್ತೇವೆ ಎಂದಿದ್ದರು. ಆಗ ನನ್ನ ಗೆಳತಿಯೊಬ್ಬಳು ಬೆಂಗಳೂರಿನಿಂದ ಒಂದು ಡಬ್ಬಿ ಕ್ಯಾಪ್ಸೂಲು ತಂದುಕೊಟ್ಟಳು. ಕೆಂಪಗೆ, ಒಳಗೆ ಎಣ್ಣೆ ತುಂಬಿದ ಮೆತ್ತನೆಯ ಕ್ಯಾಪ್ಸೂಲು. ಕ್ಯಾರೆಟ್ಟಿನಲ್ಲಿರುವ ಕ್ಯಾರೋಟಿನ್ ಅಂತೆ, ತಿಂದರೆ ಮುಖಕ್ಕೆ ಬಂಗಾರದ ಕಳೆ ಬರುತ್ತದಂತೆ. 'ತಗೊಳ್ಳೇ, ಗಂಡಿನೋರು ಬಂದಾಗ ಫಳಫಳ ಅಂತೀಯ' ಎಂದು ನಕ್ಕಳು. ನಾನೂ ನಕ್ಕೆ. ತಂದು ಟ್ರಂಕಿನಲ್ಲಿ ಬಟ್ಟೆಗಳ ಕೆಳಗೆ ಬಚ್ಚಿಟ್ಟು, ದಿನಕ್ಕೊಂದು ನುಂಗತೊಡಗಿದೆ.

ಅದೇ ದಿನಗಳಲ್ಲಿ ಭಾಗ್ಯ ಸಂಜೆಯಾದರೆ ಎಡವಲು ಶುರು ಮಾಡಿದ್ದಳು. ಆಗಿನ್ನೂ ಶಾಲೆಗೆ ಸೇರಿರಲಿಲ್ಲ, ಬಾಯಿ ಮಾತ್ರ ಊರಗಲ. ಹಗಲೆಲ್ಲ ಮನೆ ಹಿಂದೆ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಶೆಡ್ಡಿನಲ್ಲಿ ಗೂಡಿನ ರಾಶಿಯ ಸುತ್ತ ಓಡಾಡುವ ಮಗು, ದೀಪ ಹಚ್ಚುವ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಿತ್ತು. ಮುಂದಿಟ್ಟ ತಟ್ಟೆಯನ್ನು ಕೈಯಿಂದ ತಡವಿ ಹುಡುಕುತ್ತಿತ್ತು. 'ಆಟ ಆಡ್ತಾಳೆ ಮುಂಡೇದು' ಎಂದರು ಅಮ್ಮ. ಅಣ್ಣನಿಗೆ ಶೆಡ್ಡಿನ ಕೆಲಸದಲ್ಲಿ ಪುರಸೊತ್ತಿಲ್ಲ. ನೀವೊಬ್ಬರೇ ನನ್ನ ಹತ್ತಿರ ಬಂದು ಕೇಳಿದಿರಿ: 'ವನಜಾ, ನೀನು ಓದಿರೋಳು, ಸ್ವಲ್ಪ ನೋಡಮ್ಮ ಇದೇನೂಂತ.'

ನನಗೆ ಗೊತ್ತಿತ್ತು. ಇರುಳುಗಣ್ಣು ಎಂದು ಕ್ಲಾಸಿನಲ್ಲಿ ಆಗತಾನೇ ಪಾಠವಾಗಿತ್ತು. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅತ್ತಿಗೆ, ವಿಟಮಿನ್ ಸಿರಪ್ಪು ಕೊಡುತ್ತಾರೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನನಗೆ ದೊಡ್ಡಸ್ತಿಕೆ ಬೇಕಿತ್ತು. ಯಾರಿಗೂ ತಿಳಿಯದಂತೆ ನಾನೇ ವಾಸಿ ಮಾಡಿ, ಆಮೇಲೊಂದು ದಿನ 'ನೋಡಿ, ನಾನು ಮಾಡಿದ್ದು' ಎಂದು ಎಲ್ಲರ ಬಾಯಿ ಮುಚ್ಚಿಸಬೇಕು ಎಂಬ ಹಂಬಲ. ಕಪ್ಪು ಕಪ್ಪು ಎಂದು ಆಡಿಕೊಳ್ಳುತ್ತಿದ್ದರಲ್ಲ, ಅವರ ಬಾಯಿ.

ಅದಕ್ಕೆ ಅವಳಿಗೂ ದಿನಕ್ಕೊಂದು ಕ್ಯಾಪ್ಸೂಲು ಕೊಡತೊಡಗಿದೆ. ಬರೀ ಕೊಡಲಿಲ್ಲ, ಪಾಠದಲ್ಲಿ ಕಲಿತ ಬುದ್ಧಿಯನ್ನೆಲ್ಲ ಬಳಸಿದೆ. ಈ ಕ್ಯಾರೋಟಿನ್ ನೀರಿನಲ್ಲಿ ಕರಗುವ ಪದಾರ್ಥವಲ್ಲ. ಎಣ್ಣೆಯೋ ತುಪ್ಪವೋ ಜೊತೆಗಿದ್ದರೆ ಮಾತ್ರ ಕರುಳು ಅದನ್ನು ಹೀರಿಕೊಳ್ಳುತ್ತದೆ, ಇಲ್ಲದಿದ್ದರೆ ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ಹೀರಿಕೊಂಡದ್ದರಲ್ಲಿ ಬೇಕಾದಷ್ಟನ್ನು ಮೈ ಕಣ್ಣಿನ ವಿಟಮಿನ್ನಾಗಿ ಮಾರ್ಪಡಿಸಿಕೊಳ್ಳುತ್ತದೆ, ಮಿಕ್ಕಿದ್ದನ್ನು ಹಾಗೇ ಚರ್ಮದಡಿ ಇಟ್ಟುಕೊಳ್ಳುತ್ತದೆ. ನಮ್ಮ ಮೇಷ್ಟ್ರು ರೇಷ್ಮೆ ಸೀಮೆಯ ಮಕ್ಕಳಿಗೆ ಅರ್ಥವಾಗಲೆಂದು ಹೇಳಿದ್ದರು — ಹಿಪ್ಪುನೇರಳೆ ಸೊಪ್ಪಿನಲ್ಲಿರುವ ಇದೇ ಬಣ್ಣ ಹುಳದ ಹೊಟ್ಟೆಯಿಂದ ನೂಲಿಗೆ ಇಳಿದು ಗೂಡು ಹಳದಿಯಾಗುವುದು. ಬಿಳಿ ಗೂಡಿನ ತಳಿ ಅದೇ ಸೊಪ್ಪನ್ನೇ ತಿಂದರೂ ಅದರ ಮೈ ಆ ಬಣ್ಣವನ್ನು ನೂಲಿಗೆ ಬಿಡುವುದಿಲ್ಲ. ಇದೆಲ್ಲ ಗೊತ್ತಿದ್ದವಳು ನಾನು. ಕ್ಯಾಪ್ಸೂಲಿನ ತುದಿ ಸೂಜಿಯಿಂದ ಚುಚ್ಚಿ, ಒಳಗಿನ ಕೆಂಪೆಣ್ಣೆಯನ್ನು ತುಪ್ಪದನ್ನದ ತುತ್ತಿಗೆ ಹಿಂಡಿ, 'ಅತ್ತೆ ತುತ್ತು, ಆಂ ಅನ್ನು' ಎಂದು ಅವಳ ಬಾಯಿಗಿಡುತ್ತಿದ್ದೆ. 'ಯಾರಿಗೂ ಹೇಳ್ಬಾರ್ದು ಬಂಗಾರಿ' ಎಂದರೆ ತಲೆಯಾಡಿಸುತ್ತಿದ್ದಳು. ದೊಡ್ಡವರು ತಿನ್ನುವ ಅಳತೆಯನ್ನು ಅಷ್ಟು ಚಿಕ್ಕ ಮೈಗೆ ಕೊಡುತ್ತಿದ್ದೇನೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೆಚ್ಚು ಕೊಟ್ಟರೆ ಬೇಗ ವಾಸಿ ಎಂದುಕೊಂಡಿದ್ದೆ.

ಅವಳ ಕಣ್ಣು ಸರಿಹೋಗುತ್ತಾ ಬಂತು, ಅದು ನಿಜ. ಒಂದು ಸಂಜೆ ಕರೆಂಟು ಹೋಗಿ, ಬುಡ್ಡಿ ದೀಪದ ಬೆಳಕಿನಲ್ಲಿ ಅವಳು ಸೀದಾ ನಡೆದುಬಂದು ನಿಮ್ಮ ಸೆರಗು ಹಿಡಿದಳು. ನೀವು ಅವಳನ್ನು ಎತ್ತಿಕೊಂಡು ದೃಷ್ಟಿ ತೆಗೆದಿರಿ. ಆವತ್ತೇ ಹೇಳಿಬಿಟ್ಟಿದ್ದರೆ — ಆದರೆ ಇನ್ನೂ ಸ್ವಲ್ಪ ದಿನ ಕಾಯೋಣ, ಪೂರ್ತಿ ವಾಸಿಯಾಗಲಿ ಎಂದು ಸುಮ್ಮನಾದೆ.

ಯುಗಾದಿಯ ಎಣ್ಣೆಸ್ನಾನದ ದಿನ ಅಮ್ಮ ಅವಳನ್ನು ಹಿತ್ತಲ ಬಿಸಿಲಲ್ಲಿ ಕೂರಿಸಿಕೊಂಡರು. ಅಂಗೈ ಹಿಡಿದು ಉಜ್ಜುತ್ತಿದ್ದವರು ತಟ್ಟನೆ ನಿಂತರು. 'ಇದೇನೇ ಸರೋಜ, ಕೈಯೆಲ್ಲಾ ಹಳದಿ!' ಎಂದರು. ನೀವು ಓಡಿಬಂದು, 'ಗೂಡಿನ ನೀರಲ್ಲಿ ಕೈ ಆಡಿಸಿರ್ತಾಳೆ ಬಿಡಿ ಅತ್ತೆ' ಎಂದಿರಿ. ನಮ್ಮಂಥ ಮನೆಯಲ್ಲಿ ಅದೇ ಮೊದಲು ಹೊಳೆಯುವುದು, ಗೂಡು ಬೇಯಿಸಿದ ನೀರು ಹಳದಿಯಾಗಿಯೇ ಇರುತ್ತದಲ್ಲ. ಸೀಗೆಪುಡಿ ಹಾಕಿ ಉಜ್ಜಿದಿರಿ, ಹುಣಸೇಹಣ್ಣು ಹಚ್ಚಿ ಉಜ್ಜಿದಿರಿ. ಮಗು ಉರಿ ಉರಿ ಎಂದು ಅತ್ತಿತು. ಬಣ್ಣ ಹೋಗಲಿಲ್ಲ. ಅಮ್ಮ ಅವಳ ಪಾದ ಎತ್ತಿ ನೋಡಿದರು, ಅದೂ ಹಳದಿ.

'ಅಯ್ಯೋ ದೇವುಡಾ, ಕಾಮಾಲೆ!'

ಆ ಮನೆಯಲ್ಲಿ ಆ ಮಾತಿಗೆ ಏನು ಅರ್ಥ ಎಂದು ನಿಮಗೆ ಹೇಳಬೇಕಾಗಿಲ್ಲ. ಅಪ್ಪ ಕಾಮಾಲೆಯಲ್ಲಿ ಹೋದವರು. ನಾಟಿ ಔಷಧಿ ಹಿಡಿಯುತ್ತಿತ್ತು, ಚೇತರಿಸಿಕೊಳ್ಳುತ್ತಿದ್ದರು, ಆ ಹೊತ್ತಿಗೆ ಯಾರದೋ ಮದುವೆ ಮನೆಯಲ್ಲಿ ಪಥ್ಯ ಮುರಿದು ಬೋಂಡ ತಿಂದರು, ಆಮೇಲೆ ಉಳಿಯಲಿಲ್ಲ — ಇದು ಅಮ್ಮ ನಮಗೆಲ್ಲ ಅನ್ನದ ಜೊತೆ ಕಲಸಿ ತಿನ್ನಿಸಿದ ಕಥೆ. 'ನಿಮ್ಮಪ್ಪನ್ನ ತಿಂದಿದ್ದು ಕಾಮಾಲೆ ಅಲ್ಲ, ಎಣ್ಣೆ' ಎನ್ನುತ್ತಿದ್ದರು. ಅಣ್ಣನಿಗೆ ಆ ಸಾವು ಕಣ್ಣಿಗೆ ಕಟ್ಟಿತ್ತು.

ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಕಾಮಾಲೆಯಾದರೆ ಕಣ್ಣಿನ ಬಿಳಿಭಾಗ ಹಳದಿಯಾಗಬೇಕು. ಭಾಗ್ಯಳ ಕಣ್ಣು ಹಾಲಿನ ಹಾಗೆ ಬೆಳ್ಳಗಿತ್ತು, ಅಳುತ್ತಾ ನನ್ನನ್ನೇ ನೋಡುತ್ತಿತ್ತು. ಇದು ಕಾಮಾಲೆಯಲ್ಲ, ನನ್ನ ಕ್ಯಾಪ್ಸೂಲಿನ ಬಣ್ಣ, ನಿಲ್ಲಿಸಿದರೆ ತಾನಾಗಿ ಹೋಗುತ್ತದೆ, ಅಪಾಯವಿಲ್ಲ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅಣ್ಣ ಶೆಡ್ಡಿನಿಂದ ಬಂದು, 'ಯಾರಾದ್ರೂ ಏನಾದ್ರೂ ಹಾಳುಮೂಳು ತಿನ್ಸಿದ್ರೇನ್ರೇ ಮಗೂಗೆ?' ಎಂದು ಕೂಗಿದ. ಅವನ ದನಿ ಕೇಳಿಯೇ ತೆರೆದ ಬಾಯಿ ಮುಚ್ಚಿಕೊಂಡೆ. ನಾನು ನನ್ನ ಅಂಗೈ ನೋಡಿಕೊಂಡೆ. ಅದೂ ಹಳದಿಗೆ ತಿರುಗಿತ್ತು.

ಮುಷ್ಟಿ ಬಿಗಿದುಕೊಂಡು ಒಳಗೆ ಹೋದೆ. ಮಾರನೆಯ ದಿನ ಗೋರಂಟಿ ಸೊಪ್ಪು ತರಿಸಿ ಅರೆದು ಎರಡೂ ಅಂಗೈ ತುಂಬ ಮೆತ್ತಿಕೊಂಡೆ. 'ನೋಡೋಕ್ ಬರೋ ಮುಂಚೇನೇ ಮದುಮಗಳು' ಎಂದು ನೀವು ನನ್ನ ಗಲ್ಲ ಹಿಂಡಿ ರೇಗಿಸಿದಿರಿ. ಅಷ್ಟು ಸಂಕಟದಲ್ಲೂ ನನಗಾಗಿ ನಕ್ಕಿದ್ದಿರಿ. ನಾನು ಗೋರಂಟಿ ಹಾಕಿಕೊಂಡದ್ದು ಯಾಕೆಂದು ಈಗ ನಿಮಗೆ ತಿಳಿಯಿತಲ್ಲ. ಆ ಡಬ್ಬಿಯನ್ನು ಬಸ್ಸಿನಿಂದ ಇಳಿಯುವಾಗ ದಾರಿಯ ಮೋರಿಗೆ ಎಸೆದೆ.

ಚಿಂತಾಮಣಿ ಆಚೆಯ ಒಂದು ಹಳ್ಳಿಯಲ್ಲಿ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವವರ ಹತ್ತಿರ ಕರೆದುಕೊಂಡು ಹೋದರು. ಅವರು ಅಂಗೈ ನೋಡಿ ಹೌದೆಂದರು. ನೆಲನೆಲ್ಲಿ ಅರೆದು ನೀರುಮಜ್ಜಿಗೆಯಲ್ಲಿ ಕುಡಿಸಿ, ಪಥ್ಯ ಹೇಳಿದರು — ಎಣ್ಣೆಯ ಪಸೆ ಇರಬಾರದು, ತುಪ್ಪವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ, ಬರೀ ಉಪ್ಪಿಲ್ಲದ ಗಂಜಿ. ಎಲ್ಲಿಯವರೆಗೆ? ಅಂಗೈ ಬೆಳ್ಳಗಾಗುವವರೆಗೆ.

ಅತ್ತಿಗೆ, ಅಲ್ಲೇ ನಾನು ನಡುಗಿಹೋಗಬೇಕಿತ್ತು. ಯಾಕೆಂದರೆ ಆ ಬಣ್ಣ ಬೇಗ ಹೋಗುವ ಬಣ್ಣವಲ್ಲ. ಚರ್ಮದ ಕೊಬ್ಬಿನಲ್ಲಿ ಕೂತದ್ದು ಕರಗಲು ವಾರಗಟ್ಟಲೆ ಬೇಕು, ತಿಂಗಳೂ ಹಿಡಿಯಬಹುದು. ಅಂಗೈ ಹಳದಿ ಇರುವವರೆಗೆ ಪಥ್ಯ, ಪಥ್ಯ ಇರುವವರೆಗೆ ಹೊಟ್ಟೆಗೆ ಹನಿ ಕೊಬ್ಬಿಲ್ಲ, ಕೊಬ್ಬಿಲ್ಲದಿದ್ದರೆ ಕಣ್ಣಿಗೆ ಬೇಕಾದದ್ದು ಮೈಗೆ ಹತ್ತುವುದಿಲ್ಲ. ಮೊದಲೇ ಇರುಳುಗಣ್ಣಿದ್ದ ಮಗು. ಅಂಗೈಯಲ್ಲಿ ಕೂತ ಬಣ್ಣ ಮತ್ತೆ ವಾಪಸು ಬಂದು ಕಣ್ಣಿಗೆ ಒದಗುವುದೂ ಅಷ್ಟಕ್ಕಷ್ಟೇ, ಆ ಮಾರ್ಪಾಟು ಹೆಚ್ಚಾಗಿ ಆಗುವುದು ಕರುಳಿನಲ್ಲಿ. ಇದನ್ನೆಲ್ಲ ನಾನು ಪರೀಕ್ಷೆಯಲ್ಲಿ ಬರೆದು ಬಂದವಳು. ದಿನಾ ಬೆಳಿಗ್ಗೆ ಅಮ್ಮ ಅವಳ ಅಂಗೈಯನ್ನು ಬಾಗಿಲ ಬೆಳಕಿಗೆ ಹಿಡಿದು, 'ಇನ್ನೂ ಇದೆ' ಎನ್ನುತ್ತಿದ್ದರು. ನಾನು ಕಾಲೇಜು ಚೀಲ ಹೆಗಲಿಗೆ ಹಾಕಿಕೊಂಡು ಅವರ ಪಕ್ಕದಲ್ಲೇ ದಾಟಿ ಹೋಗುತ್ತಿದ್ದೆ.

ನಾನೇನು ವಿಷ ಕೊಟ್ಟಿಲ್ಲವಲ್ಲ ಎಂದು ಬಸ್ಸಿನ ದಾರಿಯುದ್ದಕ್ಕೂ ಅಂದುಕೊಳ್ಳುತ್ತಿದ್ದೆ. ಇನ್ನೆರಡು ದಿನ, ಬಣ್ಣ ಇಳಿದುಬಿಡುತ್ತದೆ, ಎಲ್ಲ ತಾನಾಗಿ ಸರಿಹೋಗುತ್ತದೆ. ಗೌರಿಬಿದನೂರಿನವರು ಬಂದು ನೋಡಿ ಹೋಗಲಿ, ಆಮೇಲೆ ಹೇಳೋಣ. ಬಂದರು, ನೋಡಿದರು, ಒಪ್ಪಿದರು. ಆಮೇಲೂ ಹೇಳಲಿಲ್ಲ. ಒಪ್ಪಿದವರು ಬಿಟ್ಟುಬಿಟ್ಟಾರು ಎಂಬ ಹೊಸ ಹೆದರಿಕೆ ಸೇರಿಕೊಂಡಿತು. ಮಗುವಿಗೆ ಕದ್ದು ಮದ್ದು ಹಾಕಿದವಳು ಎಂದರೆ ಯಾವ ಮನೆಯವರು ಒಳಗೆ ಬಿಟ್ಟುಕೊಳ್ಳುತ್ತಾರೆ?

ಭಾಗ್ಯ ಮತ್ತೆ ಗೋಡೆ ಹಿಡಿದು ನಡೆಯತೊಡಗಿದಳು. ಬಾಯಿ ಬಿಡುತ್ತಿರಲಿಲ್ಲ. ಕಡ್ಡಿಯಂತಾದಳು. ನೀವು ಅತ್ತೆಯ ಕಾಲಿಗೆ ಬಿದ್ದು, 'ಒಂಚೂರು ಹಾಲಾದ್ರೂ ಕೊಡ್ತೀನಿ ಅತ್ತೆ, ಮಗು ಉಳಿಯಲ್ಲ' ಎಂದಿರಿ. 'ಎಣ್ಣೆ ನಿನ್ನ ಮಾವನ್ನ ತಿಂದಿದ್ದು ಸಾಲ್ದಾ?' ಎಂದರು ಅಮ್ಮ. ನೀವು ನನ್ನ ಕಡೆ ನೋಡಿದಿರಿ — ಓದಿದವಳು ಏನಾದರೂ ಹೇಳುತ್ತಾಳೇನೋ ಎಂದು. ನಾನು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದೆ. ಹೆಚ್ಚುತ್ತಲೇ ಇದ್ದೆ.

ಆಮೇಲೆ ನೀವು ಕದಿಯಲು ಶುರು ಮಾಡಿದಿರಿ. ನನಗೆ ಗೊತ್ತಿತ್ತು, ಮೊದಲ ದಿನವೇ ಗೊತ್ತಾಯಿತು. ಶೆಡ್ಡಿನ ಹಿಂದೆ ಸೌದೆ ಜೋಡಿಸಿದ ಮೂಲೆಯಲ್ಲಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸೆರಗಿನ ಮರೆಯಲ್ಲಿ ಬಟ್ಟಲು ಹಿಡಿದು ತುಪ್ಪದನ್ನದ ತುತ್ತು ತಿನ್ನಿಸುತ್ತಿದ್ದಿರಿ. ನೀವೂ ಪಥ್ಯವನ್ನು ನಂಬಿದವರೇ, ಮಗಳಿಗೆ ವಿಷ ಹಾಕುತ್ತಿದ್ದೇನೆಯೋ ಏನೋ ಎಂದು ಪ್ರತಿ ತುತ್ತಿಗೂ ಹೆದರಿದವರೇ. ಆದರೂ ಹಸಿದ ಮಗುವಿನ ಮುಖ ನೋಡಲಾರದೆ ಹಾಕಿದಿರಿ. ನಾನು ನೋಡಿಯೂ ನೋಡದಂತೆ ಹಿಂದಕ್ಕೆ ಬಂದೆ, ಮತ್ತು — ದೇವರಾಣೆ ಹೇಳುತ್ತೇನೆ — ಒಳಗೊಳಗೇ ಸಮಾಧಾನಪಟ್ಟೆ. ಹೇಗೂ ಅತ್ತಿಗೆ ಕೊಡುತ್ತಿದ್ದಾರೆ, ಕಣ್ಣಿಗೆ ಅಷ್ಟಾದರೂ ಸಿಗುತ್ತದೆ, ಇನ್ನು ನಾನು ಹೇಳದಿದ್ದರೂ ನಡೆಯುತ್ತದೆ ಎಂದುಕೊಂಡೆ. ನನ್ನ ತಪ್ಪಿನ ಭಾರವನ್ನು ನಿಮ್ಮ ಬಟ್ಟಲಿಗೆ ಹಾಕಿ ನಾನು ನೆಮ್ಮದಿಯಾಗಿ ಮಲಗಿದೆ.

ಆ ಬೇಸಿಗೆ ನಮ್ಮ ಬೀದಿಗೆ ದಡಾರ ಬಂತು. ಭಾಗ್ಯಳ ಸೋತ ಮೈಗೂ ತಗುಲಿತು. ಮೈತುಂಬ ಗುಳ್ಳೆ, ಜ್ವರ, ಭೇದಿ. ಜ್ವರ ಇಳಿದ ಮೇಲೂ ಅವಳು ಕಣ್ಣು ತೆರೆಯಲಿಲ್ಲ, ಬೆಳಕು ಚುಚ್ಚುತ್ತದೆ ಎಂದು ಮುಖ ಮುಚ್ಚಿಕೊಂಡು ಮಲಗಿದ್ದಳು. ಅದೇ ಸಮಯಕ್ಕೆ ಅಮ್ಮ ಸೌದೆಯ ಮೂಲೆಯಲ್ಲಿ ನಿಮ್ಮ ಬಟ್ಟಲು ಹಿಡಿದರು. ತುಪ್ಪದ ಪಸೆ ಇದ್ದ ಬಟ್ಟಲನ್ನು ಎಲ್ಲರ ಮುಂದೆ ಎತ್ತಿ ತೋರಿಸಿ ಎದೆ ಬಡಿದುಕೊಂಡರು. ಆ ಗಲಾಟೆಯ ನಡುವೆ ನಾನು ಭಾಗ್ಯಳ ಮುಖದಿಂದ ಕೈ ಬಿಡಿಸಿ ನೋಡಿದೆ. ಎಡಗಣ್ಣಿನ ಕಪ್ಪುಗುಡ್ಡೆ ಒಣಗಿ, ಮೇಲೆ ಬೂದಿ ಚೆಲ್ಲಿದ ಹಾಗೆ ಮಂಜಾಗಿತ್ತು. ನಾನು ಕಿರುಚಿದೆ. ಎಲ್ಲರೂ ಓಡಿಬಂದರು. ಮೊದಲು ಮಾತಾಡಿದವರು ಅಮ್ಮ: 'ತುಪ್ಪ ತಿನ್ಸಿ ತಿನ್ಸಿ ಕಾಮಾಲೇನ ಕಣ್ಣಿಗೇರಿಸ್ಬಿಟ್ಯಲ್ಲೇ ಪಾಪಿ!'

ಬೆಂಗಳೂರಿನ ಕಣ್ಣಾಸ್ಪತ್ರೆಗೆ ಹೋದೆವು. ಬಸ್ಸಿನಲ್ಲಿ ಅಣ್ಣ ಮಗುವನ್ನು ನಿಮ್ಮ ತೊಡೆಗೆ ಕೊಡಲಿಲ್ಲ, ನನ್ನ ತೊಡೆಗೆ ಕೊಟ್ಟ. ಆಸ್ಪತ್ರೆಯಲ್ಲೂ, 'ಇಂಗ್ಲಿಷ್‌ನಲ್ಲಿ ಏನೇನೋ ಕೇಳ್ತಾರೆ, ನೀನೇ ಒಳಗೆ ಹೋಗು' ಎಂದು ನನ್ನನ್ನೇ ಕಳಿಸಿದ. ನೀವು ಹೊರಗಿನ ಬೆಂಚಿನ ತುದಿಯಲ್ಲಿ ಕೂತಿರಿ.

ಡಾಕ್ಟರಮ್ಮ ಇಂಗ್ಲಿಷ್ ಮಾತಾಡಲಿಲ್ಲ, ಚೆನ್ನಾಗಿ ಕನ್ನಡದಲ್ಲೇ ಕೇಳಿದರು. ಎಡಗಣ್ಣು ಹೋಗಿದೆ, ಬಲಗಣ್ಣಿಗೆ ಈಗಲೇ ಔಷಧಿ ಶುರು ಮಾಡಬೇಕು ಎಂದರು. ಏನು ತಿನ್ನುತ್ತಿದ್ದಳು ಎಂದರು, ಪಥ್ಯದ ವಿಷಯ ಹೇಳಿದೆ. ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. 'ಕಾಮಾಲೆ ಅಂತ ಯಾರು ಹೇಳಿದ್ದು? ಕಣ್ಣು ಹಳದಿಯಾಗಿತ್ತಾ? ಬೇರೆ ಏನಾದ್ರೂ ಮಾತ್ರೆ ಗೀತ್ರೆ ಕೊಡ್ತಿದ್ರಾ?' ಬಣ್ಣ ಮಾಸಿದಾಗಲೆಲ್ಲ ಮತ್ತೆ ಮತ್ತೆ ಗೋರಂಟಿ ಮೆತ್ತಿಕೊಂಡಿದ್ದ ನನ್ನ ಕೈಗಳನ್ನು ಮಗುವಿನ ಬೆನ್ನ ಹಿಂದೆ ಮರೆಮಾಡಿಕೊಂಡು, 'ಇಲ್ಲ' ಎಂದೆ. ಸಂಪೂರ್ಣ ಕೊಬ್ಬು ಬಿಟ್ಟಿದ್ದರೆ ಎರಡೂ ಕಣ್ಣು ಹೋಗಬೇಕಿತ್ತು, ಒಂದು ಹೇಗೆ ಉಳಿಯಿತು ಎಂದು ಅವರಿಗೇ ಆಶ್ಚರ್ಯ. ಆಗ ಬಾಯಿತಪ್ಪಿ ಹೇಳಿಬಿಟ್ಟೆ — ಅವರಮ್ಮ ಯಾರಿಗೂ ಗೊತ್ತಾಗದ ಹಾಗೆ ದಿನಾ ತುಪ್ಪ ತಿನ್ನಿಸುತ್ತಿದ್ದರು ಎಂದು.

'ಹಾಗಾದ್ರೆ ಬಲಗಣ್ಣು ಉಳಿಸಿದ್ದು ಆ ತಾಯಿ' ಎಂದರು ಡಾಕ್ಟರಮ್ಮ. 'ತುಪ್ಪದಲ್ಲೂ ಕಣ್ಣಿಗೆ ಬೇಕಾದ ವಿಟಮಿನ್ ಇರುತ್ತೆ, ಅಷ್ಟಾದ್ರೂ ಹೊಟ್ಟೆಗೆ ಬಿದ್ದಿದೆ. ಹೋಗಿ ಅವರಿಗೆ ಹೇಳಮ್ಮ. ತಪ್ಪದೆ ಹೇಳು.'

ಅತ್ತಿಗೆ, ನಿಮಗೆ ತಪ್ಪದೆ ಹೇಳು ಎಂದು ಕೊಟ್ಟು ಕಳಿಸಿದ ಮಾತು ಇದು.

ಬಾಗಿಲು ತೆಗೆದು ಹೊರಗೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಎಲ್ಲ ಓಡಿಹೋಯಿತು. ತುಪ್ಪ ಕಣ್ಣು ಉಳಿಸಿತು ಎಂದರೆ, ಹಾಗಾದರೆ ಕೆಡಿಸಿದ್ದು ಏನು ಎನ್ನುತ್ತಾರೆ. ಪಥ್ಯ ಎಂದರೆ, ಕಾಮಾಲೆಗೆ ಪಥ್ಯ ತಪ್ಪೇ ಎನ್ನುತ್ತಾರೆ. ಕಾಮಾಲೆಯೇ ಅಲ್ಲ ಎಂದರೆ, ಮತ್ತೆ ಆ ಹಳದಿ ಎಲ್ಲಿಂದ ಬಂತು — ಗೂಡಿನ ಎಳೆಯ ತುದಿ ಸಿಕ್ಕಿದರೆ ಕೊನೆಯವರೆಗೂ ಬಿಚ್ಚಿಕೊಂಡು ಬರುತ್ತದಲ್ಲ, ಹಾಗೆ ನನ್ನ ಟ್ರಂಕಿನವರೆಗೆ ಬಂದುಬಿಡುತ್ತಿತ್ತು. ಅಣ್ಣ ಎದ್ದುಬಂದು ನನ್ನ ತೋಳು ಹಿಡಿದ. 'ಏನಂದ್ರು? ತುಪ್ಪ ತಿನ್ಸಿದ್ದಕ್ಕೇನಾ?'

ನೀವು ಬೆಂಚಿನಿಂದ ತಲೆಯೆತ್ತಿ ನನ್ನ ಬಾಯಿಯನ್ನೇ ನೋಡುತ್ತಿದ್ದಿರಿ.

'ಹೂಂ ಅಣ್ಣ' ಎಂದೆ. 'ಅದಕ್ಕೇ ಅಂದ್ರು.'

ನೀವು ಅಳಲಿಲ್ಲ. ನಿಮ್ಮ ಕೈಗಳನ್ನು ಒಂದು ಸಲ ನೋಡಿಕೊಂಡು ಸೆರಗಿನೊಳಗೆ ಇಟ್ಟುಕೊಂಡಿರಿ. ಅದೊಂದು ನನ್ನ ಕಣ್ಣಿನಿಂದ ಹೋಗುವುದಿಲ್ಲ.

ದಡಾರ ಬಂದ ಮಕ್ಕಳಿಗೆ ಕಣ್ಣು ಹೋಗುವುದುಂಟು, ನಾನು ಏನೂ ಮಾಡದಿದ್ದರೂ ಹೋಗುತ್ತಿತ್ತೇನೋ ಎಂದು ಎಷ್ಟೋ ವರ್ಷ ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ಬೇಡ, ಅದನ್ನು ನಿಮ್ಮ ಮುಂದೆ ಇಡುವುದಿಲ್ಲ. ನಾನು ಹಿತ್ತಲಲ್ಲಿ ಬಾಯಿ ಬಿಟ್ಟಿದ್ದರೆ ಆ ಮಗು ಹಾಲು ಮೊಟ್ಟೆ ತಿಂದು ದಡಾರಕ್ಕೆ ಎದುರು ನಿಲ್ಲುತ್ತಿತ್ತು. ಅದು ನನಗೆ ಗೊತ್ತು. ಆಗಲೂ ಗೊತ್ತಿತ್ತು.

ನನ್ನ ಮದುವೆಯಾಯಿತು. ನೀವೇ ನಿಂತು ಎಲ್ಲ ಮಾಡಿದಿರಿ. ತವರಿಗೆ ಬಂದಾಗಲೆಲ್ಲ, ಬಸ್ಸು ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟದ ಕಡೆ ತಿರುಗಿದ ಕೂಡಲೇ ಇಳಿದು ವಾಪಸು ಹೋಗಿಬಿಡೋಣ ಅನ್ನಿಸುತ್ತಿತ್ತು. ಯಾರಾದರೂ ಡಾಕ್ಟರು ಎಂದರೆ ಬೆಚ್ಚುತ್ತಿದ್ದೆ. ಭಾಗ್ಯ ದೊಡ್ಡವಳಾದಂತೆ ಇನ್ನೂ ಹೆದರಿಕೆ — ಅವಳಿಗೆ ಅತ್ತೆ ತುತ್ತು ನೆನಪಿದ್ದರೆ? ಒಮ್ಮೆ ಅವಳು ನನ್ನ ಕೈ ಹಿಡಿದುಕೊಂಡು, 'ಚಿಕ್ಕೋಳಿದ್ದಾಗ ನೀನೇ ಅಲ್ವಾ ಅತ್ತೆ ನಂಗೆ ಊಟ ಮಾಡಿಸ್ತಿದ್ದಿದ್ದು?' ಎಂದಳು. ಅವಳು ಅಷ್ಟಕ್ಕೇ ಬಿಟ್ಟಳು, ಪ್ರೀತಿಯಿಂದಲೇ ಕೇಳಿದ್ದಳು. ಅಮ್ಮ ಸಾಯುವಾಗಲೂ ನಿಮ್ಮನ್ನು ಬೈದುಕೊಂಡೇ ಹೋದರು. ಆವತ್ತು ಅವರ ಕಿವಿಯಲ್ಲಾದರೂ ಹೇಳಬಹುದಿತ್ತು. ನಾನು ಬಾಯಿಗೆ ನೀರು ಬಿಟ್ಟು ಎದ್ದುಬಂದೆ.

ಕಳೆದ ವಾರ ಭಾಗ್ಯ ಫೋನ್ ಮಾಡಿದಳು. ಅವಳ ಮಗುವಿಗೆ ಅನ್ನ ಮುಟ್ಟಿಸುವ ಶಾಸ್ತ್ರ, ತಪ್ಪದೆ ಬಾ ಎಂದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: 'ಅಮ್ಮ ಬೇಡಾಂತ ಹಠ ಹಿಡಿದವ್ಳೆ ಅತ್ತೆ. ತುಪ್ಪದನ್ನ ನನ್ ಕೈಯಲ್ಲಿ ಬೇಡ, ನಿಮ್ಮ ವನಜತ್ತೆ ಮುಟ್ಟಿಸ್ಲಿ, ನಾನು ದೂರ ನಿಂತ್ಕೊಂಡು ನೋಡ್ತೀನಿ ಅಂತಾಳೆ. ಒಂದ್ ಕಣ್ಣು ಕಳೆದಿದ್ದು ಸಾಕು ಅಂತ ಅಳ್ತಾಳೆ. ನೀನೇ ಹೇಳು, ನಿನ್ ಮಾತು ಕೇಳ್ತಾಳೆ.'

ನನ್ನ ಮಾತು. ಎಲ್ಲರೂ ಕೇಳಿದ್ದು ಅದನ್ನೇ.

ನನ್ನ ಬುದ್ಧಿಯನ್ನು ನಾನು ಬಲ್ಲೆ. ಶಿಡ್ಲಘಟ್ಟಕ್ಕೆ ಬಂದು, ನಿಮ್ಮ ಮುಖ ನೋಡಿ, ಇನ್ನೊಂದು ಸಲ ಹೇಳೋಣ ಎಂದು ಲಾಡು ತಿಂದು ವಾಪಸು ಬಂದುಬಿಡುತ್ತೇನೆ. ಅದಕ್ಕೇ ಇವತ್ತು ಬೆಳಿಗ್ಗೆ, ನಿಮಗಿಂತ ಮೊದಲು ಅಣ್ಣನಿಗೆ ಫೋನ್ ಮಾಡಿದೆ. ಅವನಿಗೆ ಹೆದರಿಯೇ ಬಾಯಿ ಮುಚ್ಚಿದವಳು, ಅವನಿಗೇ ಮೊದಲು ಹೇಳಿದರೆ ಹಿಂದಕ್ಕೆ ಹೋಗಲು ದಾರಿಯಿರುವುದಿಲ್ಲ ಎಂದುಕೊಂಡೆ. ಎಲ್ಲ ಹೇಳಿದೆ — ಕ್ಯಾಪ್ಸೂಲು, ಹಳದಿ, ಗೋರಂಟಿ, ಡಾಕ್ಟರಮ್ಮ ನಿಮಗೆ ಹೇಳಿ ಕಳಿಸಿದ ಮಾತು. ಕೂಗುತ್ತಾನೆ ಎಂದು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಿದ್ದೆ. ಅವನು ಕೂಗಲಿಲ್ಲ.

'ಆವತ್ತಿಂದ ಇವತ್ತಿನ್ವರ್ಗೂ ನಾನು ಅವಳ ಕೈಯಿಂದ ಒಂದ್ ಲೋಟ ನೀರು ಇಸ್ಕೊಂಡಿಲ್ಲ ಕಣೇ' ಎಂದ ಅಣ್ಣ. 'ಕೆಳಗಿಡು ಅಂತೀನಿ. ಇಟ್ಟು ಹೋಗ್ತಾಳೆ.' ಆಮೇಲೆ, 'ನೀನೇ ಬಂದು ಹೇಳು. ನಾನ್ ಯಾವ ಬಾಯಲ್ಲಿ ಹೇಳ್ಲಿ' ಎಂದು ಇಟ್ಟುಬಿಟ್ಟ.

ಇದು ನನಗೆ ಗೊತ್ತಿರಲಿಲ್ಲ ಅತ್ತಿಗೆ. ನಾನು ಬಂದಾಗಲೆಲ್ಲ ನಿಮ್ಮ ಕೈಯಿಂದಲೇ ಇಸ್ಕೊಂಡು ತಿಂದೆ. ನಾನು ತಿನ್ನುತ್ತಿದ್ದ ಮನೆಯಲ್ಲೇ ನೀವು ಹೀಗೆ ಬದುಕುತ್ತಿದ್ದಿರಿ ಎಂದು ಒಂದು ದಿನವೂ ನನಗೆ ಹೇಳಲಿಲ್ಲ. ನನ್ನನ್ನು ಕ್ಷಮಿಸಿ ಎಂದು ಕೇಳಲು ಬರುತ್ತಿಲ್ಲ. ಕ್ಷಮಿಸಬೇಡಿ. ಬಯ್ಯಿರಿ, ಹೊಡೆಯಿರಿ, ಭಾಗ್ಯಳ ಮುಂದೆ, ಬಂದ ನೆಂಟರ ಮುಂದೆ ಎಲ್ಲ ಹೇಳಿಸಿ, ಹೇಳುತ್ತೇನೆ. ಆದರೆ ಆ ಮಗುವಿನ ಬಾಯಿಗೆ ಮೊದಲ ತುತ್ತನ್ನು ನೀವೇ ಇಡಬೇಕು, ತುಪ್ಪ ಹಾಕಿಯೇ ಇಡಬೇಕು.

ನಾಳೆ ಮೊದಲ ಬಸ್ಸಿಗೆ ಹೊರಡುತ್ತಿದ್ದೇನೆ. ಬಾಗಿಲು ತೆಗೆಯುವವರು ನೀವೇ ಎಂದು ಗೊತ್ತು. ಚೀಲ ಕೈಯಿಂದ ತೆಗೆದುಕೊಂಡು, 'ಬಾಮ್ಮ ವನಜಾ, ಬಿಸಿಲಲ್ಲಿ ಬಂದಿದೀಯ, ಮೊದ್ಲು ಊಟ ಮಾಡು' ಎನ್ನುತ್ತೀರಿ. ಅಣ್ಣನ ಕೂಗಿಗಿಂತ ನನಗೆ ಆ ಮಾತೇ ಭಯ. ಎಲೆ ಹಾಕಬೇಡಿ ಅತ್ತಿಗೆ. ಹೊಸಿಲ ಮೇಲೆ ನಿಂತೇ ಹೇಳುತ್ತೇನೆ. ಕೇಳಿದ ಮೇಲೆ ನನ್ನನ್ನು ಒಳಗೆ ಬಿಡುವುದೋ ಬೇಡವೋ ನೀವೇ ನೋಡಿ.